ಬೇರೆಯವರ ಚಪ್ಪಲಿ ಹಾಕ್ಕೊಂಡು ಟರ್ಮಿನಲ್‌ಗೆ ಇಳೀಬೇಡಿ

(ಹೋದ ತಿಂಗಳು ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಫೈನಲ್ ಇಯರ್‌ನವರ ಮುಂದೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ, ಅಲ್ಲಲ್ಲಿ ಕತ್ತರಿ ಬಿದ್ದಿದೆ. ಕಮಾಂಡುಗಳನ್ನ ಬಾಯಲ್ಲಿ ಹೇಗೆ ಹೇಳಿದ್ನೋ ಹಾಗೇ ಕನ್ನಡದಲ್ಲೇ ಬರೆದಿದೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲೇ ಮಾಡಿ, ಇಲ್ಲಾಂದ್ರೆ ಕಮಾಂಡ್ ನಾಟ್ ಫೌಂಡ್ ಅಂತ ಬೈಸ್ಕೋತೀರ.)

ಎಲ್ಲರಿಗೂ ನಮಸ್ಕಾರ. ಊಟ ಆದ್ಮೇಲಿನ ಸೆಷನ್ ನನಗೆ ಕೊಟ್ಟಿದಾರೆ, ಅದೂ ಚಿತ್ರಾನ್ನದ ಮೇಲೆ ಮಜ್ಜಿಗೆ ಬೇರೆ, ಸೋ ಹಿಂದಿನ ಬೆಂಚಿನವರು ಮಲಗಿದ್ರೆ ನಂಗೇನೂ ಬೇಜಾರಿಲ್ಲ, ಗೊರಕೆ ಮಾತ್ರ ಬೇಡ.

ಇಲ್ಲಿಗೆ ಬರೋ ಮುಂಚೆ ನಿಮ್ ಲ್ಯಾಬ್‌ಗೆ ಹೋಗಿದ್ದೆ. ಒಬ್ಬ ಹುಡುಗನ ಹಿಂದೆ ನಿಂತು ಸುಮ್ನೆ ನೋಡ್ತಿದ್ದೆ. ಅವನಿಗೆ ಒಂದು ಉದ್ದದ ಡಾಕರ್ ಕಮಾಂಡ್ ಬೇಕಿತ್ತು, ನಿನ್ನೆ ಯಾವಾಗ್ಲೋ ಟೈಪ್ ಮಾಡಿದ್ದಂತೆ. ಅಪ್ ಆ್ಯರೋ ಒತ್ತಿದ, ಒತ್ತಿದ, ಕೈಪಂಪ್ ಹೊಡೆದ ಹಾಗೆ ಒತ್ತಾನೇ ಇದಾನೆ, ಕಮಾಂಡ್ ಬಂತು, ಆದ್ರೆ ಕೈ ಸ್ಪೀಡಲ್ಲಿತ್ತಲ್ಲ, ದಾಟೇ ಹೋಯ್ತು, ಆಮೇಲೆ ಡೌನ್ ಆ್ಯರೋ ಒತ್ತಿದ, ಅದೂ ದಾಟಿತು, ಕೊನೆಗೆ ಬೇಜಾರಾಗಿ ವಾಟ್ಸಾಪ್ ವೆಬ್ ತೆಗೆದು ಫ್ರೆಂಡ್‌ಗೆ ಕಳಿಸಿದ್ದ ಹಳೇ ಮೆಸೇಜಿಂದ ಕಾಪಿ ಮಾಡ್ಕೊಂಡ. ನಾನು ನಗಲಿಲ್ಲ, ಯಾಕಂದ್ರೆ ನಾನೂ ಎರಡು ವರ್ಷ ಹಂಗೇ ಮಾಡಿದೀನಿ. ಆದ್ರೆ ಇವತ್ತಿನ ಮಾತೆಲ್ಲಾ ಆ ಕೈಪಂಪಿನ ಬಗ್ಗೆನೇ.

ಮೊದಲು ಒಂದು ಗೊಂದಲ ಕ್ಲಿಯರ್ ಮಾಡ್ಬಿಡೋಣ. ಕಪ್ಪು ಕಿಟಕಿ ಇದ್ಯಲ್ಲ, ಅದು ಟರ್ಮಿನಲ್. ಅದರ ಒಳಗೆ ಕೂತು ನಿಮ್ ಮಾತು ಕೇಳಿಸ್ಕೊಳೋದು ಶೆಲ್. ಬ್ಯಾಶ್, ಜೆಡ್‌ಶೆಲ್, ಫಿಶ್ ಇವೆಲ್ಲಾ ಶೆಲ್‌ಗಳು. ಬಣ್ಣ, ಫಾಂಟ್ ಬದಲಾಯಿಸ್ಬೇಕಾ, ಟರ್ಮಿನಲ್ ಸೆಟ್ಟಿಂಗ್ಸ್‌ಗೆ ಹೋಗಿ. ನಡವಳಿಕೆ ಬದಲಾಗ್ಬೇಕಾ, ಶೆಲ್‌ನ ಕಾನ್ಫಿಗ್ ಫೈಲ್‌ಗೆ ಹೋಗಿ. ಇತಿಹಾಸ ಜಾಸ್ತಿ ಹೇಳಲ್ಲ, 1979ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀವ್ ಬೋರ್ನ್ ಬರೆದ ಶೆಲ್ ಯುನಿಕ್ಸ್ ಜೊತೆ ಹೊರಗೆ ಬಂತು, 1989ರಲ್ಲಿ ಗ್ನೂ ಅನ್ನೋ ಫ್ರೀ ಸಾಫ್ಟ್‌ವೇರ್ ಪ್ರಾಜೆಕ್ಟಿಗೋಸ್ಕರ ಬ್ರಯಾನ್ ಫಾಕ್ಸ್ ಬ್ಯಾಶ್ ಬರೆದ, ಬೋರ್ನ್ ಅಗೇನ್ ಶೆಲ್ ಅಂತ ಹೆಸರಲ್ಲೇ ಶ್ಲೇಷೆ. ಮಾರನೇ ವರ್ಷ ಪ್ರಿನ್ಸ್‌ಟನ್‌ನಲ್ಲಿ ಓದ್ತಿದ್ದ ಪಾಲ್ ಫಾಲ್‌ಸ್ಟಡ್ ಅನ್ನೋ ಸ್ಟೂಡೆಂಟ್ ಜೆಡ್‌ಶೆಲ್ ಮಾಡಿದ. ಸ್ಟೂಡೆಂಟ್, ಕೇಳಿಸ್ತಾ ಹಿಂದಿನ ಬೆಂಚು? ಆಪಲ್‌ನವರು 2019ರಲ್ಲಿ ಮ್ಯಾಕ್‌ನ ಡೀಫಾಲ್ಟ್ ಶೆಲ್ ಮಾಡ್ಕೊಂಡಿದ್ದು ಅದನ್ನೇ. ಮ್ಯಾಕಲ್ಲಿ ಈಗ್ಲೂ ಬ್ಯಾಶ್ ಇದೆ, ಆದ್ರೆ 3.2, ಅಂದ್ರೆ 2006ರ ಕಾಲದ್ದು. ಅದರ ಮುಂದಿನ ವರ್ಷನ್‌ಗಳ ಲೈಸೆನ್ಸ್ ಜಿಪಿಎಲ್ 3 ಆಯ್ತು, ಆಪಲ್ ಅದನ್ನ ಮುಟ್ಟಲಿಲ್ಲ. ಲಿನಕ್ಸಲ್ಲಿ ಓಡಿದ ಸ್ಕ್ರಿಪ್ಟ್ ಫ್ರೆಂಡ್‌ನ ಮ್ಯಾಕಲ್ಲಿ ಮುಗ್ಗರಿಸಿದ್ರೆ ಮೊದಲು ಇದನ್ನೇ ನೋಡಿ.

ಇನ್ನು ಈ ಕಾನ್ಫಿಗ್ ಫೈಲ್‌ಗಳು, ಅಂದ್ರೆ ಚುಕ್ಕಿ ಫೈಲ್‌ಗಳು, ಡಾಟ್‌ಫೈಲ್ಸ್. ಡಾಟ್ ಬ್ಯಾಶ್‌ಆರ್‌ಸಿ, ಡಾಟ್ ಗಿಟ್‌ಕಾನ್ಫಿಗ್, ಹೀಗೆ ಹೆಸರಿನ ಮುಂದೆ ಚುಕ್ಕಿ ಇದ್ರೆ ಫೋಲ್ಡರಲ್ಲಿ ಏನಿದೆ ಅಂತ ತೋರಿಸೋ ಎಲ್‌ಎಸ್ ಹೊಡೆದಾಗ ಕಾಣಲ್ಲ. ಯಾರೋ ದೊಡ್ಡವರು ಕೂತು ಯೋಚನೆ ಮಾಡಿ ಮಾಡಿದ ಡಿಸೈನ್ ಅನ್ಕೊಂಡಿದ್ರಾ? ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಮೇಲೆ ಕೆಲಸ ಮಾಡಿದ್ದ ರಾಬ್ ಪೈಕ್ 2012ರಲ್ಲಿ ಬರೆದಿದ್ರು, ಪ್ರತಿ ಡೈರೆಕ್ಟರಿಯಲ್ಲೂ ಇರೋ ಒಂಟಿ ಚುಕ್ಕಿ, ಜೋಡಿ ಚುಕ್ಕಿ ಎರಡು ಎಂಟ್ರಿಗಳನ್ನ ಮಾತ್ರ ಬಚ್ಚಿಡೋಕೆ ಹೋಗಿ ಎಲ್‌ಎಸ್‌ನಲ್ಲಿ ಮೊದಲ ಅಕ್ಷರ ಚುಕ್ಕಿನಾ ಅಂತಷ್ಟೇ ಚೆಕ್ ಮಾಡಿದ್ರು, ಅವಸರದ ಕೋಡು, ಅದರಿಂದ ಚುಕ್ಕಿಯಿಂದ ಶುರುವಾಗೋ ಎಲ್ಲಾ ಫೈಲೂ ಮಾಯ ಆಯ್ತು ಅಂತ. ಒಂದು ಶಾರ್ಟ್‌ಕಟ್ಟಿನ ಮೇಲೆ ಇಡೀ ಸಂಪ್ರದಾಯ ನಿಂತಿದೆ. ನಮ್ಮಲ್ಲೂ ಇಂಥವು ಕಮ್ಮಿ ಏನಿಲ್ಲ ಬಿಡಿ.

ಈಗ ನನ್ ಕತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರದ್ದೋ ಗಿಟ್‌ಹಬ್‌ನಲ್ಲಿ ಭಾರಿ ಚೆನ್ನಾಗಿರೋ ಡಾಟ್‌ಫೈಲ್ಸ್ ಸಿಕ್ತು. ಸ್ಕ್ರೀನ್‌ಶಾಟ್ ನೋಡಿದ್ರೆ ದಸರಾ ಲೈಟಿಂಗ್ ಥರ. ಹಿಂದೆಮುಂದೆ ನೋಡ್ದೆ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿದೆ. ದೇವಸ್ಥಾನದ ಹೊರಗೆ ಬೇರೆಯವರ ಹೊಸ ಚಪ್ಪಲಿ ಕಂಡು ಹಾಕ್ಕೊಂಡು ಬಂದ ಹಾಗೆ. ನೋಡೋಕೆ ಚೆಂದ, ನಾಲ್ಕು ಹೆಜ್ಜೆ ಇಟ್ರೆ ಕಚ್ಚತ್ತೆ. ಜಿ ಅಂತ ಹೊಡೆದ್ರೆ ಗಿಟ್ (ಕೋಡಿನ ಹಳೇ ಹೊಸ ವರ್ಷನ್‌ಗಳನ್ನ ಇಟ್ಕೊಳೋ ಟೂಲು) ಓಪನ್ ಆಗತ್ತೆ, ಡಿ ಅಂತ ಹೊಡೆದ್ರೆ ಏನೋ ಡಿಲೀಟ್ ಆಗತ್ತೆ, ಹೊಸ ಟ್ಯಾಬ್ ತೆಗೆದ್ರೆ ಮೂರ್ನಾಲ್ಕು ಸೆಕೆಂಡ್ ಕರ್ಸರ್ ಮಿನುಗ್ತಾ ಕೂತಿರತ್ತೆ, ಅಷ್ಟರಲ್ಲಿ ನಾನು ಯಾಕೆ ಟರ್ಮಿನಲ್ ತೆಗ್ದೆ ಅನ್ನೋದೇ ಮರ್ತು ಹೋಗಿರ್ತಿತ್ತು. ಸರಿ ಮಾಡೋಣ ಅಂದ್ರೆ ಸಾವಿರಾರು ಸಾಲು, ಒಂದೂ ನಾನು ಬರೆದಿದ್ದಲ್ಲ.

ಯಾಕೆ ನಿಧಾನ ಅಂತ ಹುಡುಕಿದೆ. ಇದನ್ನ ನೀವೂ ಮನೆಗೆ ಹೋಗಿ ಮಾಡಿ: ಟೈಮ್ ಅಂತ ಹಾಕಿ, ಸ್ಪೇಸ್ ಬಿಟ್ಟು ಜೆಡ್‌ಎಸ್‌ಎಚ್, ಮೈನಸ್ ಐ, ಮೈನಸ್ ಸಿ, ಎಕ್ಸಿಟ್. ಶೆಲ್ ಎದ್ದು, ಕಾನ್ಫಿಗ್ ಎಲ್ಲಾ ಓದಿ, ಹೊರಗೆ ಬರೋಕೆ ಎಷ್ಟು ಹೊತ್ತು ತಗೊಳತ್ತೆ ಗೊತ್ತಾಗತ್ತೆ. ಅರ್ಧ ಸೆಕೆಂಡ್ ದಾಟಿದ್ರೆ ಏನೋ ಕೆಟ್ಟಿದೆ ಅಂತ ನನ್ ಲೆಕ್ಕ. ಕಾನ್ಫಿಗ್ ಫೈಲಿನ ಮೊದಲ ಸಾಲಲ್ಲಿ ಜೆಡ್-ಪ್ರಾಫ್ ಮಾಡ್ಯೂಲ್ ಲೋಡ್ ಮಾಡಿ ಕೊನೇ ಸಾಲಲ್ಲಿ ಜೆಡ್-ಪ್ರಾಫ್ ಅಂತ ಬರೆದ್ರೆ ಯಾವ ಫಂಕ್ಷನ್ ಎಷ್ಟು ಹೊತ್ತು ತಿಂತು ಅಂತ ಪಟ್ಟಿ ಕೊಡತ್ತೆ. ನನ್ ಕೇಸಲ್ಲಿ ದೊಡ್ಡ ಕಳ್ಳ, ಜಾವಾಸ್ಕ್ರಿಪ್ಟ್ ಓಡಿಸೋ ನೋಡ್‌ನ ವರ್ಷನ್ ಮ್ಯಾನೇಜರ್, ಎನ್‌ವಿಎಮ್. ಆಗ ನಾನು ನೋಡ್‌ನಲ್ಲಿ ಒಂದು ಸಾಲೂ ಬರೀತಿರ್ಲಿಲ್ಲ! ಅವತ್ತು ರಾತ್ರಿನೇ ಎಲ್ಲಾ ಅಳಿಸಿ ಖಾಲಿ ಫೈಲಿಂದ ಶುರು ಮಾಡಿದೆ, ಒಂದೇ ಒಂದು ರೂಲ್ ಇಟ್ಕೊಂಡೆ, ಒಂದೇ ವಿಷಯ ಮೂರು ಸಲ ಕಿರಿಕಿರಿ ಮಾಡೋ ತನಕ ಅದಕ್ಕೆ ಸಾಲು ಸೇರಿಸಲ್ಲ, ಮತ್ತೆ ನಂಗೆ ಅರ್ಥ ಆಗದ ಸಾಲು ಒಳಗೆ ಬರಂಗಿಲ್ಲ. ಈಗ ನನ್ ಕಾನ್ಫಿಗ್ ಹತ್ತತ್ರ ನೂರು ಸಾಲು ಇದೆ. ಮುಂದೆ ಹೇಳೋದನ್ನೂ ನೀವು ಹಾಗೇ ತಗೋಬೇಕು, ನನ್ ಚಪ್ಪಲಿನೂ ಹಾಕ್ಕೋಬೇಡಿ.

ಹಿಸ್ಟರಿಗೆ ಬರೋಣ, ಕೈಪಂಪ್ ವಿಷಯ. ನನ್ ಪ್ರಕಾರ ಇಡೀ ಶೆಲ್‌ನಲ್ಲಿ ಅತ್ಯಂತ ಬೆಲೆಬಾಳೋ ಜಾಗ ಇದು, ಜನ ಅತ್ಯಂತ ಕಡೆಗಣಿಸೋದೂ ಇದನ್ನೇ. ನೀವು ಕಷ್ಟಪಟ್ಟು, ಗೂಗಲ್ ಮಾಡಿ, ಹತ್ತು ಸಲ ತಪ್ಪು ಮಾಡಿ ಹನ್ನೊಂದನೇ ಸಲ ಸರಿ ಬರೆದ ಕಮಾಂಡ್ ಎಲ್ಲಾ ಅಲ್ಲಿರತ್ತೆ. ಆದ್ರೆ ಬ್ಯಾಶ್ ತನ್ನಷ್ಟಕ್ಕೆ ನೆನಪಿಡೋದು ಬರೀ 500. ಉಬುಂಟು ಲಿನಕ್ಸ್ ಕೊಡೋ ಫೈಲಲ್ಲಿ ಅದನ್ನ 1000 ಮಾಡಿರ್ತಾರೆ, ಫೈಲಲ್ಲಿ ಉಳಿಸೋದು 2000. ಇವತ್ತಿನ ಹಾರ್ಡ್‌ಡಿಸ್ಕ್‌ಗೆ ಇದು ಯಾವ ಲೆಕ್ಕ? ಹಿಸ್ಟ್‌ಸೈಜ್, ಹಿಸ್ಟ್‌ಫೈಲ್‌ಸೈಜ್ ಎರಡನ್ನೂ ಒಂದು ಲಕ್ಷ ಮಾಡಿ ಮರ್ತುಬಿಡಿ.

ಇನ್ನೊಂದು ಇದೆ. ನಿಮ್ ಹತ್ರ ನಾಲ್ಕು ಟರ್ಮಿನಲ್ ತೆರೆದಿದೆ ಅಂದ್ಕೊಳಿ. ಬ್ಯಾಶ್ ಹಿಸ್ಟರಿನ ಫೈಲ್‌ಗೆ ಬರೆಯೋದು ಮುಚ್ಚುವಾಗ. ಹಿಸ್ಟ್‌ಅಪೆಂಡ್ ಅನ್ನೋ ಆಪ್ಷನ್ ಆನ್ ಇಲ್ಲದಿದ್ರೆ ಕೊನೆಗೆ ಮುಚ್ಚಿದವನು ಉಳಿದವರು ಬರೆದಿದ್ದನ್ನೆಲ್ಲಾ ಒರೆಸಿ ತನ್ನದೇ ಬರೀತಾನೆ. "ನಿನ್ನೆ ಹೊಡೆದ ಕಮಾಂಡ್ ಇವತ್ತು ಇಲ್ಲ ಸಾರ್" ಅಂತ ಯಾರೋ ಬೆಳಿಗ್ಗೆ ಅಂದ್ರಲ್ಲ, ಇದೇ ಇರಬೇಕು. ಉಬುಂಟುವಿನಲ್ಲಿ ಅದು ಆನ್ ಇರತ್ತೆ, ಬೇರೆ ಕಡೆ ನೋಡ್ಕೊಳಿ. ಅದರ ಮೇಲೆ ಪ್ರಾಂಪ್ಟ್-ಕಮಾಂಡ್ ವೇರಿಯಬಲ್‌ಗೆ ಹಿಸ್ಟರಿ ಮೈನಸ್ ಎ ಅಂತ ಹಾಕಿದ್ರೆ ಪ್ರತಿ ಕಮಾಂಡ್ ಆದ ತಕ್ಷಣ ಫೈಲ್‌ಗೆ ಹೋಗತ್ತೆ, ಕರೆಂಟ್ ಹೋದ್ರೂ ಉಳಿಯತ್ತೆ. ಪವರ್ ಕಟ್ ನಮ್ಗೇನು ಹೊಸದಾ.

ಹುಡುಕೋಕೆ ಕಂಟ್ರೋಲ್-ಆರ್. ಎಷ್ಟು ಜನಕ್ಕೆ ಗೊತ್ತು? ಐದಾರು ಕೈ. ಸರಿ. ಒತ್ತಿ, ಡಾಕರ್ ಅಂತ ಟೈಪ್ ಮಾಡಿ, ಹಿಂದಿನದು ಬರತ್ತೆ, ಮತ್ತೆ ಒತ್ತಿದ್ರೆ ಇನ್ನೂ ಹಿಂದಿನದು. ಇದಕ್ಕಿಂತ ಚೆನ್ನಾಗಿರೋದು ಎಫ್‌ಜೆಡ್‌ಎಫ್. ಕೊರಿಯಾದ ಜುನೆಗುನ್ ಚೊಯ್ 2013ರಲ್ಲಿ ಮೊದಲು ರೂಬಿಯಲ್ಲಿ ಬರೆದು ಆಮೇಲೆ ಗೋ ಭಾಷೆಗೆ ತಂದಿದ್ದು. ಅದು ಹಾಕಿದ್ರೆ ಕಂಟ್ರೋಲ್-ಆರ್ ಒತ್ತಿದಾಗ ಇಡೀ ಹಿಸ್ಟರಿ ಪಟ್ಟಿಯಾಗಿ ಬರತ್ತೆ, ಡಾಕ್ ಅಂತ ನಾಲ್ಕಕ್ಷರ, ಸ್ಪೇಸ್, ಪೋರ್ಟ್ ನಂಬರಿನ ಎರಡಂಕಿ, ಅಷ್ಟು ಹೊಡೆದ್ರೆ ಸಾಕು, ಪಟ್ಟಿ ಸೋಸಿ ಎರಡೋ ಮೂರೋ ಉಳಿಯತ್ತೆ. ಇವತ್ತು ಮನೆಗೆ ಹೋಗಿ ಒಂದೇ ಒಂದು ಇನ್‌ಸ್ಟಾಲ್ ಮಾಡ್ತೀರ ಅಂದ್ರೆ ಇದನ್ನ ಮಾಡಿ, ಉಳಿದಿದ್ದು ಮರೆತ್ರೂ ಪರವಾಗಿಲ್ಲ.

ಏನೂ ಇನ್‌ಸ್ಟಾಲ್ ಮಾಡೋ ಹಂಗಿಲ್ಲ, ಆಫೀಸ್ ಸರ್ವರ್ರು, ಅಡ್ಮಿನ್ ಬಿಡಲ್ಲ ಅಂದ್ರೆ? ಹೋಮ್ ಫೋಲ್ಡರಲ್ಲಿ ಡಾಟ್ ಇನ್‌ಪುಟ್‌ಆರ್‌ಸಿ ಅಂತ ಫೈಲ್ ಮಾಡಿ, ಅಪ್ ಆ್ಯರೋ ಕೀಗೆ ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್ ಅನ್ನೋದನ್ನ ಕಟ್ಟಿ. ಆಮೇಲೆ ಗಿಟ್ ಅಂತ ಬರೆದು ಅಪ್ ಒತ್ತಿದ್ರೆ ಗಿಟ್‌ನಿಂದ ಶುರುವಾಗೋ ಕಮಾಂಡ್ ಮಾತ್ರ ಬರತ್ತೆ. ಒಂದು ಸಾಲು ಅಷ್ಟೆ. ಇದು ರೀಡ್‌ಲೈನ್ ಅನ್ನೋ ಲೈಬ್ರರಿಯ ಸೆಟ್ಟಿಂಗು, ಹಾಗಾಗಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪಿಎಸ್‌ಕ್ಯೂಎಲ್ ಒಳಗೂ ಸಾಮಾನ್ಯವಾಗಿ ಕೆಲಸ ಮಾಡತ್ತೆ, ಬಿಟ್ಟಿ ಲಾಭ. ಜೆಡ್‌ಶೆಲ್ ರೀಡ್‌ಲೈನ್ ಬಳಸಲ್ಲ, ಅಲ್ಲಿ ಬೇರೆ ದಾರಿ ಇದೆ. ಇನ್ನೂ ಒಂದು, ಆಲ್ಟ್ ಒತ್ತಿ ಚುಕ್ಕಿ ಒತ್ತಿ, ಹಿಂದಿನ ಕಮಾಂಡಿನ ಕೊನೇ ಪದ ಬಂದು ಕೂರತ್ತೆ. ಎಂಕೆಡಿಐಆರ್‌ನಿಂದ ಹೊಸದಾಗಿ ಮಾಡಿದ ಫೋಲ್ಡರ್ ಒಳಗೆ ಸಿಡಿ ಅಂತ ಹೋಗೋಕೆ ಇದು ಸಾಕು. ಇದನ್ನ ತೋರಿಸಿದಾಗ ನಿಮ್ ಮೇಡಂ ಮುಖ ನೋಡ್ಬೇಕಿತ್ತು!

ಪಾಸ್‌ವರ್ಡ್, ಟೋಕನ್ ಇರೋ ಕಮಾಂಡ್ ಹಿಸ್ಟರಿಗೆ ಹೋಗ್ಬಾರ್ದು ಅಂದ್ರೆ ಹಿಸ್ಟ್‌ಕಂಟ್ರೋಲ್‌ಗೆ ಇಗ್ನೋರ್‌ಬೋತ್ ಹಾಕಿ, ಆಮೇಲೆ ಕಮಾಂಡಿನ ಮುಂದೆ ಒಂದು ಸ್ಪೇಸ್ ಬಿಟ್ಟು ಹೊಡೀರಿ. ಸ್ಪೇಸಿಂದ ಶುರುವಾದ ಸಾಲನ್ನ ಬ್ಯಾಶ್ ನೋಡಿಯೂ ನೋಡದ ಹಾಗೆ ಇರತ್ತೆ.

ಈಗ ನನ್ ಎರಡನೇ ಮಾನಭಂಗ. ಟರ್ಮಿನಲ್ ತೆಗೆದ ತಕ್ಷಣ ದಿನಕ್ಕೊಂದು ವಚನ ಬರಲಿ ಅಂತ ಆಸೆ ಆಯ್ತು. ಒಂದು ಫೈಲಲ್ಲಿ ವಚನ ತುಂಬಿ, ಯಾವುದಾದ್ರೂ ಒಂದನ್ನ ಎಕೋ ಮಾಡೋ, ಅಂದ್ರೆ ಸ್ಕ್ರೀನ್ ಮೇಲೆ ಬರೆಯೋ ಸಾಲನ್ನ ಬ್ಯಾಶ್‌ಆರ್‌ಸಿಗೆ ಹಾಕಿದೆ, ಸರ್ವರ್ ಮೇಲೂ ಹಾಕಿದೆ, ಅಲ್ಲೂ ಭಕ್ತಿ ಇರಲಿ ಅಂತ. ಮಾರನೇ ದಿನದಿಂದ ಬ್ಯಾಕಪ್ ನಿಂತೋಯ್ತು. ಬ್ಯಾಕಪ್‌ಗೆ ಫೈಲ್ ಕಾಪಿ ಮಾಡೋ ಆರ್‌ಸಿಂಕ್ ಕೊಟ್ಟ ಎರರ್ ಏನು ಗೊತ್ತಾ, ಪ್ರೋಟೊಕಾಲ್ ವರ್ಷನ್ ಹೊಂದ್ತಿಲ್ಲ, ಈಸ್ ಯುವರ್ ಶೆಲ್ ಕ್ಲೀನ್ ಅಂತ. ನಾನು ಅಂತರಂಗಶುದ್ಧಿಯ ವಚನ ಹಾಕಿದ್ರೆ ಅದು ತಿರುಗಿ ನನ್ನನ್ನೇ ಕೇಳ್ತಿದೆ, ನಿನ್ ಶೆಲ್ ಶುದ್ಧ ಇದ್ಯೇನಪ್ಪಾ! ಆಗಿದ್ದೇನಂದ್ರೆ ಆರ್‌ಸಿಂಕ್ ಎಸ್‌ಎಸ್‌ಎಚ್ ಮೇಲೆ, ಅಂದ್ರೆ ದೂರದ ಮಷೀನಿಗೆ ಲಾಗಿನ್ ಆಗೋ ದಾರಿಯಲ್ಲಿ ಹೋಗಿ ಆ ಕಡೆ ಒಂದು ಶೆಲ್ ಎಬ್ಬಿಸತ್ತೆ, ಆ ಶೆಲ್ ಬ್ಯಾಶ್‌ಆರ್‌ಸಿ ಓದತ್ತೆ, ಅದರಲ್ಲಿ ಎಕೋ ಇದ್ರೆ ಆ ಅಕ್ಷರಗಳು ಡೇಟಾ ನಡುವೆ ಸೇರ್ಕೊಳತ್ತೆ, ಪ್ರೋಟೊಕಾಲ್ ಬರಬೇಕಾದ ಜಾಗದಲ್ಲಿ ವಚನ ಬಂದ್ರೆ ಅದೇನು ಮಾಡತ್ತೆ ಪಾಪ. ಉಬುಂಟು ಬ್ಯಾಶ್‌ಆರ್‌ಸಿಯ ತಲೆಯಲ್ಲೇ "ಇಂಟರಾಕ್ಟಿವ್ ಅಲ್ಲದಿದ್ರೆ ಇಲ್ಲಿಂದಲೇ ವಾಪಸ್ ಹೋಗು" ಅನ್ನೋ ನಾಲ್ಕು ಸಾಲು ಇರತ್ತಲ್ಲ, ಅದು ಸುಮ್ನೆ ಇಟ್ಟಿದ್ದಲ್ಲ. ನಾನು ಜಾಣ ಅಂತ ಅದರ ಮೇಲ್ಗಡೆ ನನ್ ಸಾಲು ಹಾಕಿದ್ದೆ.

ಇದೇ ಜಾತಿಯ ಇನ್ನೊಂದು ತಲೆನೋವು, ಯಾವ ಫೈಲ್ ಯಾವಾಗ ಓದತ್ತೆ ಅನ್ನೋದು. ಲಾಗಿನ್ ಶೆಲ್ ಆದ್ರೆ ಬ್ಯಾಶ್ ಓದೋದು ಬ್ಯಾಶ್-ಪ್ರೊಫೈಲ್, ಸಾದಾ ಟ್ಯಾಬ್ ತೆಗೆದ್ರೆ ಬ್ಯಾಶ್‌ಆರ್‌ಸಿ. ಲಿನಕ್ಸ್ ಡೆಸ್ಕ್‌ಟಾಪಲ್ಲಿ ಟ್ಯಾಬ್‌ಗಳು ಸಾಮಾನ್ಯವಾಗಿ ಸಾದಾ, ಮ್ಯಾಕಿನ ಟರ್ಮಿನಲ್ಲು ಪ್ರತಿ ಸಲ ಲಾಗಿನ್. ಹಾಗಾಗಿ "ಪಾಥ್ ಸೆಟ್ ಮಾಡಿದೆ ಸಾರ್, ಆದ್ರೂ ಸಿಗ್ತಿಲ್ಲ" ಅನ್ನೋ ಗೋಳಿನಲ್ಲಿ ಅರ್ಧ ಇದೇ (ಪಾಥ್ ಅಂದ್ರೆ ಶೆಲ್ ಕಮಾಂಡ್ ಹುಡುಕೋ ಫೋಲ್ಡರುಗಳ ಪಟ್ಟಿ). ಬ್ಯಾಶ್-ಪ್ರೊಫೈಲ್ ಒಳಗೆ ಬ್ಯಾಶ್‌ಆರ್‌ಸಿಯನ್ನ ಸೋರ್ಸ್ ಮಾಡ್ಬಿಡಿ, ಜಗಳ ಮುಗೀತು. ಹೇಳಿದ ಹೊತ್ತಿಗೆ ಕೆಲಸ ತಾನಾಗಿ ಓಡಿಸೋ ಕ್ರಾನ್ ಮಾತ್ರ ಎರಡನ್ನೂ ಓದಲ್ಲ, ಅಲ್ಲಿ ಪೂರ್ತಿ ಪಾಥ್ ಬರೀಬೇಕು, ಕೈಲಿ ಓಡ್ಸಿದ್ರೆ ಓಡತ್ತೆ ರಾತ್ರಿ ತಾನಾಗಿ ಓಡಲ್ಲ ಅನ್ನೋ ಸ್ಕ್ರಿಪ್ಟ್ ಇದ್ರೆ ಮೊದಲು ಇಲ್ಲಿ ಕೈ ಹಾಕಿ.

ಪ್ರಾಂಪ್ಟ್, ಅಂದ್ರೆ ಕಮಾಂಡ್ ಬರೆಯೋ ಜಾಗದ ಮುಂದೆ ಶೆಲ್ ತೋರಿಸೋ ಬರಹ. ಇದಕ್ಕೆ ಜನ ವಾರಗಟ್ಲೆ ಸಮಯ ಹಾಕ್ತಾರೆ, ಬಾಣ, ಐಕಾನು, ಬ್ಯಾಟರಿ ಪರ್ಸೆಂಟು, ಹವಾಮಾನ! ನಂಗೆ ಅದರಲ್ಲಿ ಬೇಕಿರೋದು ಮೂರೇ, ಯಾವ ಮಷೀನು, ಯಾವ ಫೋಲ್ಡರು, ಯಾವ ಗಿಟ್ ಬ್ರಾಂಚು. ಮಷೀನ್ ಹೆಸರು ಯಾಕೆ ಅಂದ್ರೆ, ನಾನು ಮುಂಚೆ ಇದ್ದ ಒಂದು ಕಡೆ ಎರಡು ಟ್ಯಾಬ್ ಪಕ್ಕಪಕ್ಕ ತೆಗೆದಿಟ್ಟಿದ್ದೆ, ಒಂದು ಟೆಸ್ಟ್ ಸರ್ವರ್, ಇನ್ನೊಂದು ಪ್ರೊಡಕ್ಷನ್, ಎರಡರದ್ದೂ ಒಂದೇ ಥರ ಪ್ರಾಂಪ್ಟ್, ಬರೀ ಡಾಲರ್ ಚಿಹ್ನೆ. ಟೀ ಕುಡಿದು ಬಂದು ಕೂತು ಟೆಸ್ಟ್ ಅಂದ್ಕೊಂಡು ಸರ್ವೀಸ್ ಸ್ಟಾಪ್ ಮಾಡಿದೆ. ಫೋನ್ ಬಡ್ಕೊಳೋಕೆ ಶುರುವಾದಾಗ್ಲೂ ನಾನು ಪಾಪ ಯಾರದ್ದೋ ತಪ್ಪು ಅಂದ್ಕೊಂಡು ಕೂತಿದ್ದೆ. ಅವತ್ತಿಂದ ಎಸ್‌ಎಸ್‌ಎಚ್-ಕನೆಕ್ಷನ್ ವೇರಿಯಬಲ್ ಸೆಟ್ ಆಗಿದ್ರೆ ಮಷೀನ್ ಹೆಸರು ಕೆಂಪಲ್ಲಿ, ಇಲ್ಲದಿದ್ರೆ ಹಸಿರಲ್ಲಿ. ಟ್ರಾಫಿಕ್ ಸಿಗ್ನಲ್, ಅಷ್ಟೆ.

ಬಣ್ಣ ಹಾಕುವಾಗ ಒಂದು ಸೂಕ್ಷ್ಮ ಇದೆ, ಇದರಲ್ಲಿ ಎಲ್ಲರೂ ಬೀಳ್ತಾರೆ. ಬಣ್ಣದ ಕೋಡುಗಳು ಕಣ್ಣಿಗೆ ಕಾಣಲ್ಲ, ಆದ್ರೆ ಬ್ಯಾಶ್‌ಗೆ ಅದು ಗೊತ್ತಿಲ್ಲ, ಅವನ್ನೂ ಅಕ್ಷರ ಅಂತ ಎಣಿಸತ್ತೆ. ಉದ್ದದ ಕಮಾಂಡ್ ಬರೆದಾಗ ಸಾಲು ಕೆಳಗೆ ಇಳಿಯೋ ಬದಲು ಅದೇ ಸಾಲಿನ ಮೇಲೆ ಮತ್ತೆ ಬರ್ಕೊಂಡು ಹೋಗತ್ತಲ್ಲ, ನೋಡಿದೀರಾ? ಇದೇ ಕಾರಣ. ಬಣ್ಣದ ಕೋಡಿನ ಹಿಂದೆ ಮುಂದೆ ಬ್ಯಾಕ್‌ಸ್ಲ್ಯಾಶ್ ಜೊತೆ ಚೌಕ ಬ್ರಾಕೆಟ್ ಹಾಕಿದ್ರೆ "ಇದನ್ನ ಎಣಿಸಬೇಡ" ಅಂತ ಹೇಳಿದ ಹಾಗೆ.

ಎಣಿಕೆ ಅಂದ್ರೆ ಕನ್ನಡಕ್ಕೆ ಬರ್ಲೇಬೇಕು. ಕ್ಷ ಅನ್ನೋದು ನಮಗೆ ಒಂದಕ್ಷರ. ಯುನಿಕೋಡಲ್ಲಿ ಅದು ಕ, ವಿರಾಮ (ಕ್ ಅಂತ ಅರ್ಧಾಕ್ಷರ ಮಾಡೋ ಚಿಹ್ನೆ), ಷ, ಒಟ್ಟು ಮೂರು ಕೋಡ್‌ಪಾಯಿಂಟ್. ಯುಟಿಎಫ್-8ನಲ್ಲಿ ಒಂದೊಂದಕ್ಕೆ ಮೂರು ಬೈಟ್, ಅಂದ್ರೆ ಒಂಬತ್ತು. ಎಣಿಸೋ ಕಮಾಂಡ್ ಡಬ್ಲ್ಯೂಸಿ ಮೈನಸ್ ಸಿ ಕೇಳಿದ್ರೆ ಒಂಬತ್ತು ಅನ್ನತ್ತೆ, ಮೈನಸ್ ಎಮ್ ಕೇಳಿದ್ರೆ ಮೂರು, ಒಂದು ಅಂತ ಹೇಳೋದು ನಿಮ್ ಒಂದನೇ ಕ್ಲಾಸ್ ಟೀಚರ್ ಮಾತ್ರ. ಟರ್ಮಿನಲ್ ಅನ್ನೋದು ಚದುರಂಗದ ಮಣೆ ಥರ ಮನೆ ಮನೆ, ಒಂದು ಅಕ್ಷರಕ್ಕೆ ಒಂದು ಮನೆ ಅಂತ ಹುಟ್ಟಿದ್ದು, ನಮ್ ಒತ್ತಕ್ಷರ ಕೆಳಗೆ ಇಳಿದು ಪಕ್ಕದ ಮನೆಗೂ ಕಾಲು ಚಾಚತ್ತೆ, ಅದಕ್ಕೇ ಸುಮಾರು ಟರ್ಮಿನಲ್‌ಗಳಲ್ಲಿ ಕರ್ಸರ್ ಒಂದು ಕಡೆ ಅಕ್ಷರ ಒಂದು ಕಡೆ.

ಅದನ್ನ ನಾವು ಸರಿ ಮಾಡೋಕಾಗಲ್ಲ, ಆದ್ರೆ ಗಿಟ್‌ದು ಮಾಡಬಹುದು. ವರದಿ ಅಂತ ಕನ್ನಡದಲ್ಲೇ ಫೈಲ್ ಹೆಸರಿಟ್ಟು ಗಿಟ್ ಸ್ಟೇಟಸ್ ಹೊಡೀರಿ, ಬ್ಯಾಕ್‌ಸ್ಲ್ಯಾಶ್ 340 ಬ್ಯಾಕ್‌ಸ್ಲ್ಯಾಶ್ 262 ಅಂತ ಮಗ್ಗಿ ಒಪ್ಪಿಸತ್ತೆ. ವ ಅನ್ನೋ ಒಂದಕ್ಷರಕ್ಕೆ 340, 262, 265. ಕೋರ್ ಡಾಟ್ ಕೋಟ್‌ಪಾಥ್ ಅನ್ನೋದನ್ನ ಫಾಲ್ಸ್ ಮಾಡಿ, ಹೆಸರು ಹೆಸರಾಗೇ ಕಾಣತ್ತೆ. ನಾನು ಇದು ಗೊತ್ತಾಗೋ ಮುಂಚೆ ಎಷ್ಟೋ ದಿನ ಕನ್ನಡ ಫೈಲ್‌ಗಳಿಗೆಲ್ಲಾ ಇಂಗ್ಲಿಷ್ ಹೆಸರು ಇಟ್ಕೊಂಡು ತಿರುಗ್ತಿದ್ದೆ, ಒಂದು ಸಾಲಿನ ಸೆಟ್ಟಿಂಗಿಗೆ.

ಗಿಟ್‌ದು ಇನ್ನೊಂದೇ. ನಾಳೆ ಕೆಲಸಕ್ಕೆ ಸೇರ್ತೀರ, ಸ್ವಂತ ಪ್ರಾಜೆಕ್ಟಿನ ಕಮಿಟ್ ಎಲ್ಲಾ ಆಫೀಸ್ ಇಮೇಲಿಂದ ಹೋಗಿರತ್ತೆ, ಅಥವಾ ಉಲ್ಟಾ. ಇನ್‌ಕ್ಲೂಡ್‌ಇಫ್ ಅಂತ ಇದೆ, ಆಫೀಸ್ ಅನ್ನೋ ಫೋಲ್ಡರ್ ಒಳಗಿರೋ ರೆಪೋಗಳಿಗೆಲ್ಲಾ ಈ ಕಾನ್ಫಿಗ್ ಓದು ಅಂತ ಹೇಳಬಹುದು. ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಮರೀಬೇಡಿ, ಮರೆತ್ರೆ ಎರರ್ ಕೂಡ ಕೊಡಲ್ಲ, ಸುಮ್ನೆ ಕೆಲಸ ಮಾಡಲ್ಲ.

ಅಲಿಯಾಸ್, ಅಂದ್ರೆ ಕಮಾಂಡಿಗೆ ನಾವಿಡೋ ಅಡ್ಡಹೆಸರು, ಅದರ ಬಗ್ಗೆ ಒಂದು ಜಗಳ ತೆಗೀತೀನಿ. ಆರ್‌ಎಮ್ ಅನ್ನೋದನ್ನೇ ಆರ್‌ಎಮ್ ಮೈನಸ್ ಐ ಅಂತ ಅಲಿಯಾಸ್ ಮಾಡಿ, ಡಿಲೀಟ್ ಮಾಡೋ ಮುಂಚೆ ಕೇಳತ್ತೆ, ಸೇಫ್ ಅಂತ ಎಲ್ಲಾ ಕಡೆ ಹೇಳ್ತಾರೆ. ನಾನು ಒಪ್ಪಲ್ಲ. ಆರು ತಿಂಗಳಲ್ಲಿ ನಿಮ್ ಕೈಗೆ "ಹೇಗೂ ಕೇಳತ್ತೆ" ಅಂತ ಅಭ್ಯಾಸ ಆಗೋಗತ್ತೆ, ಆಮೇಲೆ ಅಲಿಯಾಸ್ ಇಲ್ಲದ ಇನ್ನೊಂದು ಸರ್ವರಲ್ಲಿ ಅದೇ ಕೈ ಅದೇ ಧೈರ್ಯದಲ್ಲಿ ಎಂಟರ್ ಒತ್ತತ್ತೆ. ಬೇಕಿದ್ರೆ ಹೊಸ ಹೆಸರಿಡಿ, ಇರೋ ಕಮಾಂಡಿನ ಅರ್ಥ ಬದಲಾಯಿಸಬೇಡಿ.

ಕೊನೆಗೆ ಈ ಫೈಲ್‌ಗಳನ್ನೆಲ್ಲಾ ಒಂದು ಗಿಟ್ ರೆಪೋದಲ್ಲಿಟ್ಟು ಹೋಮ್‌ನಿಂದ ಸಿಮ್‌ಲಿಂಕ್ (ಫೈಲ್ ಎಲ್ಲಿದೆ ಅಂತ ತೋರಿಸೋ ಕೊಂಡಿ) ಕೊಡಿ, ಗ್ನೂ ಸ್ಟೋ ಆ ಕೆಲಸ ಮಾಡ್ಕೊಡತ್ತೆ. ಪಬ್ಲಿಕ್ ಮಾಡೋ ಮುಂಚೆ ಎಪಿಐ ಟೋಕನ್ ಏನಾದ್ರೂ ಒಳಗೆ ಕೂತಿದ್ಯಾ ನೋಡಿ. ಕೂತಿದ್ದು ಹೋಗೇಬಿಟ್ರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದ್ರೆ ಸಾಲದು, ಹಳೇ ಕಮಿಟ್‌ನಲ್ಲಿ ಇದ್ದೇ ಇರತ್ತೆ, ಟೋಕನ್ನನ್ನೇ ರದ್ದು ಮಾಡಿ ಹೊಸದು ತಗೋಬೇಕು.

ಪ್ರಶ್ನೆಗಳಲ್ಲಿ ಮೊದಲನೇದು ಬ್ಯಾಶಾ ಜೆಡ್‌ಶೆಲ್ಲಾ ಅಂತಾನೇ ಬಂತು. ಮ್ಯಾಕ್ ಇದ್ರೆ ಜೆಡ್‌ಶೆಲ್, ಲಿನಕ್ಸ್ ಇದ್ರೆ ಬ್ಯಾಶ್, ಅದರಲ್ಲಿ ಇರೋದನ್ನ ಕಲಿಯೋವರ್ಗೂ ಬದಲಾಯಿಸೋದು ಬೇಡ ಅಂದೆ. ಎರಡನೇದು ಒಬ್ಬ ಹುಡುಗಿ ಕೇಳಿದ್ಲು, ಮೂರು ಸಲ ಕಿರಿಕಿರಿ ಆಗೋವರ್ಗೂ ಕಾಯಿರಿ ಅಂತೀರ, ಆದ್ರೆ ಕಿರಿಕಿರಿಗೆ ನಾವು ಒಗ್ಗಿ ಹೋಗಿದ್ರೆ ಗೊತ್ತಾಗೋದು ಹೇಗೆ ಅಂತ. ಸರಿಯಾದ ಪ್ರಶ್ನೆ, ಮಾತಲ್ಲಿ ಉತ್ತರ ಇರ್ಲಿಲ್ಲ, ನಿನ್ ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಹಾಕು ಅಂದೆ. ಹಿಸ್ಟರಿಯನ್ನ ಪೈಪ್ ಮಾಡಿ ಆಕ್‌ನಿಂದ ಎರಡನೇ ಪದ ತೆಗೆದು, ಸಾರ್ಟ್ ಮಾಡಿ, ಯೂನಿಕ್ ಮೈನಸ್ ಸಿ ಇಂದ ಎಣಿಸಿ, ಮತ್ತೆ ಸಾರ್ಟ್ ಮೈನಸ್ ಆರ್‌ಎನ್, ಹೆಡ್. ಇಷ್ಟು ದಿನ ಏನು ಎಷ್ಟು ಸಲ ಟೈಪ್ ಮಾಡಿದೀರ ಅಂತ ಲೆಕ್ಕ ಬಂದು ನಿಲ್ಲತ್ತೆ. ಮೊದಲ ಸಾಲು ಸಿಡಿ, ಆಮೇಲೆ ಎಲ್‌ಎಸ್, ಗಿಟ್, ಪೈಥಾನ್, ಐದನೇ ಸಾಲಿನಲ್ಲಿ ಎಸ್‌ಎಲ್. ಅಂಥ ಕಮಾಂಡೇ ಇಲ್ಲ ಅವಳ ಮಷೀನಲ್ಲಿ, ಅವಸರದಲ್ಲಿ ಎಲ್‌ಎಸ್ ಉಲ್ಟಾ ಆಗಿದ್ದು, ಅಷ್ಟೊಂದು ಸಲ! ಇಡೀ ಕ್ಲಾಸ್ ನಗ್ತು, ಅವಳೂ ನಕ್ಕಳು.

ಅಲಿಯಾಸ್ ಹಾಕ್ಕೊಡ್ಲಾ ಅಂದೆ, ಬೇಡ ಸಾರ್ ನಾನೇ ಹಾಕ್ಕೋತೀನಿ ಅಂದ್ಲು. ಹಾಗಿದ್ರೆ ಅಷ್ಟರವರೆಗೆ ಇದಿರಲಿ ಅಂತ ಎಸ್‌ಎಲ್ ಅನ್ನೋ ಪ್ಯಾಕೇಜ್ ಹಾಕಿಸಿದೆ, ಜಪಾನಿನ ಟೊಯೋಡಾ ಮಸಾಶಿ ಇದೇ ತಪ್ಪಿಗೋಸ್ಕರ 1993ರಲ್ಲಿ ಬರೆದಿದ್ದು. ಹೊಡಿ ಈಗ ಅಂದೆ. ಪ್ರೊಜೆಕ್ಟರ್ ಮೇಲೆ ಬಲಗಡೆಯಿಂದ ಒಂದು ಉಗಿಬಂಡಿ ಹೊಗೆ ಬಿಡ್ತಾ ಬಂತು, ಅವಳು ಗಾಬರಿಯಾಗಿ ಕಂಟ್ರೋಲ್-ಸಿ ಒತ್ತಿದ್ಲು, ಮತ್ತೆ ಒತ್ತಿದ್ಲು, ಅದು ನಿಲ್ಲಲ್ಲ, ಎಡಗಡೆ ಗೋಡೆ ಮುಟ್ಟೋ ತನಕ ಎಲ್ಲರೂ ಕಾಯ್ಲೇಬೇಕಾಯ್ತು, ಹಿಂದಿನ ಬೆಂಚಿನವರೂ ಎದ್ದು ಕೂತಿದ್ರು.